ಅಲೈಡಾಳ ಆಸೀಲ್

ದೊಡ್ಡ ಕಟ್ಟಡಗಳ ಒಳಗೆ ಗಿಡ ಇಡುವುದೂ ಒಂದು ಉದ್ಯೋಗ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಂಕಿಗೆ ಹೋಗುತ್ತಾರೆ, ಆಸ್ಪತ್ರೆಗೆ ಹೋಗುತ್ತಾರೆ, ಮೂಲೆಯಲ್ಲಿ ಹಸಿರಾಗಿ ಏನೋ ನಿಂತಿರುತ್ತದೆ. ಎಲೆಯನ್ನು ಉಗುರಿನಲ್ಲಿ ಗೀರಿ ನಿಜದ್ದೋ ಪ್ಲಾಸ್ಟಿಕ್ಕೋ ಎಂದು ನೋಡುತ್ತಾರೆ, ಸರದಿ ಬಂದಾಗ ಎದ್ದು ಹೋಗುತ್ತಾರೆ. ಆ ಗೀರಿದ ಎಲೆಯನ್ನು ಮಾರನೆಯ ಬೆಳಿಗ್ಗೆ ಕತ್ತರಿಸಿ ತೆಗೆಯುವವರು ಒಬ್ಬರಿರುತ್ತಾರೆ. ನಮ್ಮ ಎಲ್ಸ್‌ಬ್ರೂಕ್‌ನಲ್ಲಿ ಆ ಕೆಲಸ ಮಾಡುತ್ತಿದ್ದವಳ ಹೆಸರು ಅಲೈಡಾ ಮೋಲ್ಮನ್.

ಅಲೈಡಾ ಹುಟ್ಟಿದ್ದು ಇದೇ ಹಾಲೆಂಡಿನ ಗಾಜಿನ ಮನೆಗಳ ಸೀಮೆಯಲ್ಲಿ. ಅಪ್ಪ ಕುಂಡದ ಗಿಡ ಬೆಳೆದು ಹರಾಜಿಗೆ ಕಳಿಸುತ್ತಿದ್ದ. ಅಮ್ಮ ಆ ಸೀಮೆಯ ಎಲ್ಲ ಅಮ್ಮಂದಿರ ಹಾಗೆ ಮುಂದಿನ ಕಿಟಕಿಯ ಕಟ್ಟೆಯಲ್ಲಿ ಜೋಡಿ ಗಿಡ ಇಡುತ್ತಿದ್ದಳು: ಒಂದೇ ಬಗೆಯ ಎರಡು ಕುಂಡ, ಒಂದೇ ಎತ್ತರದ ಎರಡು ಗಿಡ, ಎರಡರ ಮುಖವೂ ಬೀದಿಗೆ. ಪರದೆ ಎಳೆಯುವಂತಿಲ್ಲ. ಮನೆಯವರು ಗಿಡದ ಬೆನ್ನು ನೋಡುತ್ತ ಆಲೂಗಡ್ಡೆ ತಿನ್ನಬೇಕು. ಚಿಕ್ಕವಳಿದ್ದಾಗ ಅಲೈಡಾ ಕದ್ದು ಕದ್ದು ಕುಂಡಗಳನ್ನು ಒಳಮುಖ ತಿರುಗಿಸುತ್ತಿದ್ದಳು, ಅಮ್ಮ ಬಂದು ಮತ್ತೆ ಹೊರಮುಖ ತಿರುಗಿಸುತ್ತಿದ್ದಳು.

"ನಾವೆಂಥವರು ಅಂತ ಒಳಗಿರೋರಿಗೆ ಗೊತ್ತೇ ಇದೆ ಕಣೇ. ಗೊತ್ತಾಗಬೇಕಾಗಿರೋದು ಬೀದೀಲಿ ಹೋಗೋರಿಗೆ" ಎನ್ನುವುದು ಅಮ್ಮನ ಮಾತು.

ಮಗಳು ಆ ಮಾತನ್ನು ಒಪ್ಪಲಿಲ್ಲ. ದೊಡ್ಡವಳಾದ ಮೇಲೆ ಎಲ್ಲಿ ಗಿಡ ಇಟ್ಟರೂ ಒಳಗೆ ಕೂತವರ ಕಣ್ಣಿನಿಂದಲೇ ನೋಡಿ ಇಟ್ಟಳು. ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ತಿರುಗಿ ನೋಡುವ ಅಭ್ಯಾಸವೇ ಅವಳಿಗೆ ಆಗಲಿಲ್ಲ.

ಮೊದಲ ಮೂವತ್ತು ವರ್ಷ ಅವಳು ಗಿಡಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳಲ್ಲಿ ದುಡಿದಳು. ಬಾಡಿಗೆ ಗಿಡದ ಧರ್ಮ ಸರಳ: ಅದು ಮುಪ್ಪಾಗುವಂತಿಲ್ಲ. ಎಲೆ ಹಳದಿಯಾಯಿತೋ, ಕಾಂಡ ಒಂದು ಕಡೆ ವಾಲಿತೋ, ಬೆಳಿಗ್ಗೆ ನೌಕರರು ಬರುವ ಮುಂಚೆ ಅದು ಹಿಂಬಾಗಿಲಿನಿಂದ ಕಸದ ತೊಟ್ಟಿಗೆ. ಅದೇ ಕುಂಡದೊಳಗೆ ಅದೇ ಜಾತಿಯ, ಅದೇ ಎತ್ತರದ ಇನ್ನೊಂದು. ಹತ್ತು ವರ್ಷ ಒಂದೇ ಮೇಜಿನ ಹಿಂದೆ ಕೂತ ಗುಮಾಸ್ತ "ನಮ್ಮ ಆಫೀಸಿನ ಗಿಡ ಎಷ್ಟು ಗಟ್ಟಿ ನೋಡಿ, ನಾನು ಬಂದಾಗಿನಿಂದ ಹೀಗೇ ಇದೆ" ಎಂದು ನಂಬಿಕೊಂಡಿರುತ್ತಾನೆ. ಅವನು ನೋಡುತ್ತಿರುವುದು ಹದಿನೈದನೆಯದನ್ನೋ ಇಪ್ಪತ್ತನೆಯದನ್ನೋ. ಮನುಷ್ಯರನ್ನೂ ಹೀಗೇ ಬದಲಾಯಿಸುವ ಆಫೀಸುಗಳಿವೆ, ಅಲ್ಲಿಯೂ ಯಾರಿಗೂ ಗೊತ್ತಾಗುವುದಿಲ್ಲ.

"ಸಾಯೋದು ಕಾಣದ ಹಾಗೆ ನೋಡ್ಕೊಳ್ಳೋದು, ಅದಕ್ಕೆ ನನಗೆ ಸಂಬಳ" ಎಂದು ಅಲೈಡಾ ಹೇಳುತ್ತಿದ್ದಳು. ದುಃಖದಿಂದ ಹೇಳಿದ್ದಲ್ಲ. ಅಕ್ಕಸಾಲಿಗ ತನ್ನ ಕೆಲಸ ಹೇಳಿಕೊಂಡ ಹಾಗೆ. ಅವಳಲ್ಲಿ ಒಂದೇ ಒಂದು ವಿಚಿತ್ರವಿತ್ತು. ಗಿಡಗಳನ್ನು ಅವಳು ಎಂದೂ ಅದು, ಇದು ಎನ್ನುತ್ತಿರಲಿಲ್ಲ. ಇವನು, ಇವಳು, ಅವರು.

ಎಲ್ಸ್‌ಬ್ರೂಕ್ ಹೊಸ ನಗರಸಭೆ ಕಟ್ಟಿಕೊಂಡಾಗ ಅವಳನ್ನು ಕರೆಸಿತು. ನಾಲ್ಕು ಮಹಡಿ, ಎದುರಿಗೆ ಪೂರಾ ಗಾಜಿನ ಗೋಡೆ, ನಡುವೆ ಮಾಡಿನವರೆಗೂ ತೆರೆದ ದೊಡ್ಡ ಹಜಾರ. ವಾಸ್ತುಶಿಲ್ಪಿಯ ಚಿತ್ರದಲ್ಲಿ ಹಜಾರದ ತುಂಬ ಮರಗಳಿದ್ದವು. ಕಟ್ಟಡ ಮುಗಿದಾಗ ಒಂದೂ ಇರಲಿಲ್ಲ. ಚಿತ್ರದ ಮರಕ್ಕೆ ಬೆಳಕೂ ಬೇಡ, ನೀರೂ ಬೇಡ.

ಅಲೈಡಾ ಕಾಗದ, ಪೆನ್ಸಿಲ್ ತರಲಿಲ್ಲ. ಜನ ಕೂರುವ ಒಂದೊಂದು ಕುರ್ಚಿಯಲ್ಲೂ ಕೂತು ನೋಡಿದಳು. ಪಾಸ್‌ಪೋರ್ಟಿಗೆ ಕಾಯುವ ಕುರ್ಚಿ, ಮದುವೆ ನೋಂದಣಿಯ ಕುರ್ಚಿ, ಕೆಲಸ ಕಳೆದುಕೊಂಡವರು ವಾರ ವಾರವೂ ಬಂದು ಕಾಯುವ ಕುರ್ಚಿ. ಆಮೇಲೆ ನಗರಸಭೆಯ ಪ್ರಚಾರದ ಮುಖ್ಯಸ್ಥ ಯೂರಿಯಾನ್‌ನ ಮುಂದೆ ಹೋಗಿ ಕೂತಳು. ಯೂರಿಯಾನ್ ಎಂದರೆ ಒಳ್ಳೆಯ ಬೂಟು ಹಾಕಿಕೊಂಡ, ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುವ, ಎಲ್ಲರಿಗೂ ತಾನೇ ಕಾಫಿ ತಂದುಕೊಡುವ ಯುವಕ.

"ಹೊಸ ಗಿಡ ಕೊಳ್ಳೋದು ಬೇಡ" ಎಂದಳು ಅಲೈಡಾ. "ಊರಲ್ಲಿ ದಿಕ್ಕಿಲ್ಲದವರು ಬೇಕಾದಷ್ಟು ಜನ ಇದ್ದಾರೆ. ವೃದ್ಧಾಶ್ರಮಕ್ಕೆ ಹೋಗೋರು ಬಿಟ್ಟು ಹೋದವರು. ಗಂಡ ಹೆಂಡ್ತಿ ಬೇರೆಯಾದಾಗ ಇಬ್ಬರಿಗೂ ಬೇಡವಾದವರು. ಅವರನ್ನ ಕರ್ಕೊಂಡು ಬಂದು ಇಲ್ಲಿ ಇಟ್ಕೊಳ್ಳೋಣ."

"ಅಂದ್ರೆ, ಹಳೇ ಗಿಡಾನಾ?"

"ನೀನು ಹುಟ್ಟೋಕೆ ಮುಂಚಿನವರೂ ಇದ್ದಾರೆ."

"ನೋಡೋಕೆ ಚೆನ್ನಾಗಿರ್ತವಾ ಅಲೈಡಾ?"

"ಸೋಮವಾರ ಬೆಳಿಗ್ಗೆ ನೀನು ನೋಡೋಕೆ ಚೆನ್ನಾಗಿರ್ತೀಯಾ? ಆದ್ರೂ ಒಳಗೆ ಬಿಡ್ತಾರಲ್ಲ."

ಯೂರಿಯಾನ್ ಜೋರಾಗಿ ನಕ್ಕ. ಅವನಿಗೆ ಯೋಜನೆ ಹಿಡಿಸಿತು. ಖರ್ಚಿಲ್ಲ, ಪರಿಸರದ ಹೆಸರಿದೆ, ಫೋಟೋ ಚೆನ್ನಾಗಿ ಬರುತ್ತದೆ. ಹೆಸರು ಹುಡುಕುವ ಶ್ರಮವೂ ಇರಲಿಲ್ಲ. ಇಲ್ಲಿನ ಭಾಷೆಯಲ್ಲಿ ಬೀದಿನಾಯಿಗಳನ್ನು ಸಾಕುವ ಜಾಗಕ್ಕೆ ಆಸೀಲ್ ಎನ್ನುತ್ತಾರೆ. ಬೆಕ್ಕಿನದೂ ಆಸೀಲೇ. ದೇಶ ಬಿಟ್ಟು ಓಡಿಬಂದ ಮನುಷ್ಯ ಬಾಗಿಲಲ್ಲಿ ನಿಂತು ಕೇಳುವುದೂ ಆಸೀಲೇ. ಆಶ್ರಯಕ್ಕೆ ಇರುವುದು ಒಂದೇ ಪದ. ವ್ಯತ್ಯಾಸ ಜನರಲ್ಲಿದೆ: ನಾಯಿಯ ಆಸೀಲ್‌ಗೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ, ಮನುಷ್ಯರ ಆಸೀಲ್ ಎಂದರೆ ಮನೆಯ ಮುಂದೆ ದೇಶದ ಬಾವುಟವನ್ನು ತಲೆಕೆಳಗಾಗಿ ಕಟ್ಟಿ ಪ್ರತಿಭಟಿಸುತ್ತಾರೆ.

ಹಾಗೆ ಗಾಜಿನ ಗೋಡೆಯ ಮೇಲೆ ಆಳೆತ್ತರದ ಬಿಳಿ ಅಕ್ಷರಗಳಲ್ಲಿ ಪ್ಲಾಂಟೆನ್‌ಆಸೀಲ್ ಎಂದು ಬರೆಸಿದರು. ಮೊದಲರ್ಧ ಗಿಡಗಳು, ಉಳಿದರ್ಧ ಆಶ್ರಯ. ಒಳಗಿನಿಂದ ನೋಡಿದರೆ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿದ್ದವು, ಅಲೈಡಾ ಅವನ್ನು ಓದುವ ಗೋಜಿಗೇ ಹೋಗಲಿಲ್ಲ.

ಜನ ಗಿಡ ತಂದರು. ಸೈಕಲ್ಲಿನ ಬುಟ್ಟಿಯಲ್ಲಿ, ಮಕ್ಕಳ ತಳ್ಳುಗಾಡಿಯಲ್ಲಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಬಂದ ಗಿಡವನ್ನು ಅವಳು ನೇರವಾಗಿ ಹಜಾರಕ್ಕೆ ಬಿಡುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಬೇರೆ ಇಟ್ಟು, ಎಲೆಯ ಸಂದುಗಳಲ್ಲಿ ಹಿಟ್ಟು ತಿಗಣೆ ಎಂಬ ಬಿಳಿ ಹುಳು ಇದೆಯೇ ನೋಡಿ, ಇದ್ದರೆ ಸಾಬೂನು ನೀರಿನಲ್ಲಿ ಒರೆಸಿ, ಗುಣವಾದ ಮೇಲೆ ಮೇಲಕ್ಕೆ.

ಮೇಲೆ ಅವಳು ಜೋಡಿಸಿದ ರೀತಿ ಬೇರೆ ಯಾವ ಕಟ್ಟಡದಲ್ಲೂ ನಾನು ಕಂಡದ್ದಲ್ಲ. ಕತ್ತಲೆಯ ಓಣಿಯಲ್ಲಿ, ತೆರಿಗೆ ವಿಭಾಗದ ಬಾಗಿಲಿಗೆ, ಇಲ್ಲಿನವರು ಹೆಂಗಸರ ನಾಲಿಗೆ ಎನ್ನುವ ನೆಟ್ಟಗಿನ ಚೂಪೆಲೆಯವು. ಅವಕ್ಕೆ ಬೆಳಕೂ ಬೇಡ, ಯಾರ ದಾಕ್ಷಿಣ್ಯವೂ ಬೇಡ. ಉತ್ತರದ ಮೆಟ್ಟಿಲಿನ ಪಕ್ಕ ಕಿತ್ತಳೆ ಬಣ್ಣದ ಹೂ ಬಿಡುವ ಕ್ಲೀವಿಯಾಗಳು. ಮದುವೆ ಕೋಣೆಯ ಮುಂದೆ ಮುಳ್ಳುಕಳ್ಳಿಗಳು. ಅದು ತಮಾಷೆಯಲ್ಲ, ಅಲ್ಲಿ ಬಿಸಿಲು ಬೀಳುತ್ತಿತ್ತು. ಇನ್ನು ಬಡಕಲಾದವು, ಅರ್ಧ ಒಣಗಿದವು, ಒಂದೇ ಎಲೆ ಉಳಿಸಿಕೊಂಡವು, ಇವನ್ನು ಹಿಂದೆ ಮುಚ್ಚಿಡದೆ ಎಲ್ಲಕ್ಕಿಂತ ಮುಂದೆ ಇಟ್ಟಳು, ಕೆಲಸ ಕಳೆದುಕೊಂಡವರ ಕುರ್ಚಿಗಳ ಎದುರಿಗೇ, ಕೂತವರ ಕಣ್ಣಿನ ಮಟ್ಟಕ್ಕೆ.

"ಇವನ್ನ ಯಾಕೆ ಇಲ್ಲಿಟ್ಟೆ? ಮೊದಲೇ ನೊಂದವರು ಕೂರೋ ಜಾಗ" ಎಂದು ಯೂರಿಯಾನ್ ಕೇಳಿದ.

"ವಾರಕ್ಕೊಂದು ಸಲ ಬರೋರು ಅವರು ಮಾತ್ರ. ಪಾಸ್‌ಪೋರ್ಟಿನವನು ಹತ್ತು ವರ್ಷಕ್ಕೊಂದು ಸಲ ಬರ್ತಾನೆ. ಚಿಗುರು ಬಂದಿದ್ದು ಅವನಿಗೆ ಹೇಗೆ ಗೊತ್ತಾಗಬೇಕು?"

ಹಾಗೇ ಆಯಿತು. ಕುರ್ಚಿಗಳಲ್ಲಿ ಮೊಬೈಲ್ ನೋಡುತ್ತ ಕೂರುತ್ತಿದ್ದವರು ಎದ್ದು ಬಗ್ಗಿ ನೋಡತೊಡಗಿದರು. "ಹೋದ ವಾರ ಇದು ಇರ್ಲಿಲ್ಲ ಅಲ್ವಾ?" ಎಂದು ಗುರುತಿಲ್ಲದವರನ್ನು ಕೇಳತೊಡಗಿದರು.

ಆ ದಿನಗಳಲ್ಲಿ ಬಂದವನು ಹಾರ್ಮ್. ನಿವೃತ್ತ ಬಸ್ ಚಾಲಕ, ಭಾರಿ ಆಳು, ಆ ವರ್ಷ ಹೆಂಡತಿಯನ್ನು ಕಳೆದುಕೊಂಡಿದ್ದ. ಹೆಂಡತಿಯ ಕ್ಲೀವಿಯಾ ಗಿಡವನ್ನು ಮಗುವಿನ ಹಾಗೆ ಕೋಟಿನೊಳಗೆ ಇಟ್ಟುಕೊಂಡು ಬಂದಿದ್ದ.

"ನನ್ನ ಹತ್ರ ಇದು ಬದುಕಲ್ಲ" ಎಂದ. "ನೀರು ಹಾಕಿದ್ರೆ ಜಾಸ್ತಿ ಆಗುತ್ತೆ, ಹಾಕದಿದ್ರೆ ಮರ್ತೇ ಹೋಗುತ್ತೆ. ನೀವು ಕೊನೆಗೆ ಎಸೆದುಬಿಡಲ್ಲ ತಾನೆ?"

"ಆಸೀಲ್ ಅಂತ ಬರೆದಿದೆ ನೋಡು. ಆಸೀಲ್ ಅಂದ ಮೇಲೆ ಎಸೆಯಲ್ಲ. ಹೂ ಬಿಡದಿದ್ರೂ ಎಸೆಯಲ್ಲ, ಎಲೆ ಎಲ್ಲ ಉದುರಿ ಬರೀ ಕಡ್ಡಿ ಆದ್ರೂ ಎಸೆಯಲ್ಲ."

ಗಿಡ ತಂದ ಪ್ರತಿಯೊಬ್ಬರಿಗೂ ಅವಳು ಈ ಮಾತು ಕೊಟ್ಟಳು. ಮೂವತ್ತು ವರ್ಷ ಹಿಂಬಾಗಿಲಿನಿಂದ ಎಸೆದವಳು ಕೊಟ್ಟ ಮಾತು. ಹಾರ್ಮ್ ಆಮೇಲೆ ಶುಕ್ರವಾರ ಶುಕ್ರವಾರ ಬಂದು, ಟೋಪಿ ತೆಗೆದು, ಕ್ಲೀವಿಯಾದ ಪಕ್ಕ ಮೆಟ್ಟಿಲ ಮೇಲೆ ಕೂತು ಹೋಗುತ್ತಿದ್ದ.

ಕೊನೆಗೆ ಬಂದದ್ದು ಫೈಕಸ್. ಆಲದ ಮರದ ದಾಯಾದಿ, ಎರಡನೆಯ ಮಹಡಿ ಮುಟ್ಟುವ ಎತ್ತರ, ಮುಚ್ಚಿಹೋದ ಶಾಲೆಯೊಂದರಲ್ಲಿ ಅನಾಥವಾಗಿ ನಿಂತಿದ್ದದ್ದು. ಅದಕ್ಕೆ ಸಾಕಾಗುವಷ್ಟು ಬೆಳಕಿದ್ದದ್ದು ಗಾಜಿನ ಗೋಡೆಯ ಒಂದು ತುದಿಯಲ್ಲಿ, ಮುಂದಿನ ಚೌಕದಿಂದ ನೋಡುವವರ ಎಡಗಡೆ ಮಾತ್ರ. ಅಲ್ಲೇ ನಿಲ್ಲಿಸಿದಳು. ಒಳಗಿನಿಂದ ನೋಡಿದರೆ ಬಹಳ ಚೆನ್ನಾಗಿತ್ತು. ಅವಳು ದಿನಾ ಬರುತ್ತಿದ್ದದ್ದು ಹಿಂದಿನ ಸೈಕಲ್ ನಿಲ್ದಾಣದ ಬಾಗಿಲಿನಿಂದ. ಮುಂದಿನ ಚೌಕಕ್ಕೆ ಹೋಗಿ ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಣುತ್ತಿತ್ತು: ಅಕ್ಷರಗಳು ಎದ್ದು ಕಾಣುತ್ತಿದ್ದದ್ದು ಹಿಂದಿನಿಂದ ಬೀಳುವ ಬೆಳಕಿನಿಂದ, ಮರ ದಟ್ಟವಾಗಿ ಹರಡಿ ಆ ಬೆಳಕನ್ನು ತಡೆದು ಪ್ಲಾಂಟೆನ್ ಎಂಬ ಅರ್ಧವನ್ನು ಪೂರ್ತಿ ನುಂಗಿತ್ತು. ಚೌಕದಲ್ಲಿ ನಿಂತವರಿಗೆ ಉಳಿದದ್ದು ಒಂದೇ ಪದ.

ಅದೇ ಸಮಯಕ್ಕೆ ಊರಿನಲ್ಲಿ ಬೇರೊಂದು ಮಾತು ಬೇಯುತ್ತಿತ್ತು. ಕಾಲುವೆ ಪಕ್ಕದ ಹಳೆಯ ವೃದ್ಧಾಶ್ರಮ ಖಾಲಿ ಬಿದ್ದಿತ್ತು. ಯುದ್ಧದಿಂದ ಓಡಿಬಂದ ಕೆಲವು ಕುಟುಂಬಗಳನ್ನು ಅಲ್ಲಿ ಇರಿಸಿಕೊಳ್ಳಬೇಕೇ ಬೇಡವೇ ಎಂದು ನಗರಸಭೆ ತೀರ್ಮಾನಿಸಬೇಕಿತ್ತು. ಸಭೆಯ ಮೇಲೆ ಸಭೆ, ಪ್ರತಿ ಸಭೆಗೂ ಕಾಫಿ, ಕಾಫಿಗೊಂದು ಬಿಸ್ಕತ್ತು. ಈ ಊರಿನಲ್ಲಿ ಕಾಫಿ ಕುಡಿಯದೆ ಯಾವ ಅನ್ಯಾಯವೂ ನಡೆಯುವುದಿಲ್ಲ.

ಐದು ಗಂಟೆಗೇ ಕತ್ತಲಾಗುವ ತಿಂಗಳು. ಯಾರೋ ಚೌಕದಿಂದ ಒಂದು ಫೋಟೋ ತೆಗೆದರು: ಒಳಗೆಲ್ಲ ದೀಪ ಉರಿಯುತ್ತಿರುವ ನಗರಸಭೆ, ಗಾಜಿನ ಮೇಲೆ ಆಳೆತ್ತರದ ಆಸೀಲ್. ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಸುದ್ದಿ: ಮತ ಹಾಕುವ ಮುಂಚೆಯೇ ಮೇಯರಮ್ಮ ಜನರನ್ನು ತಂದು ಒಳಗಿಟ್ಟಿದ್ದಾಳೆ.

ಶನಿವಾರ ಸಂತೆಯ ದಿನ. ನಗರಸಭೆಗೆ ರಜೆ, ಒಳಗೆ ಅಲೈಡಾ ಒಬ್ಬಳೇ. ಗಾಜು ಬಡಿಯುವ ಸದ್ದು ಕೇಳಿ ನೀರಿನ ಡಬ್ಬ ಹಿಡಿದುಕೊಂಡೇ ಬಾಗಿಲು ತೆರೆದಳು. ಚೌಕದ ತುಂಬ ಜನ. ಎಲ್ಲರ ಮುಂದೆ ಸಂತೆಯ ಮೀನಂಗಡಿಯವನು, ಕೈಯಲ್ಲಿ ಒಂದು ಫಲಕ. ಅವನು ಅದನ್ನು ಹೆಗಲ ಮೇಲೆ ವಾಲಿಸಿಕೊಂಡಿದ್ದರಿಂದ ಅವಳಿಗೆ ಓದಲಾಗಲಿಲ್ಲ.

"ಎಷ್ಟಿವೆ ಒಳಗೆ?" ಎಂದು ಮೀನಂಗಡಿಯವನು ಗದರಿದ.

"ಇನ್ನೂರರ ಮೇಲೆ ಆಗಿದ್ದಾರೆ. ಎಣಿಸೋದು ಬಿಟ್ಟಿದೀನಿ, ಮರಿ ಹಾಕ್ತಾನೇ ಇರ್ತಾರೆ."

"ಕೇಳಿಸ್ಕೊಂಡ್ರಾ? ನಾನು ಬಡ್ಕೊಂಡೆ! ಎಲ್ಲಿಂದ ಬಂದಿರೋವು?"

"ಜಾಸ್ತಿ ಜನ ಆಫ್ರಿಕದವರು. ಮೆಕ್ಸಿಕೋದವರೂ ಇದ್ದಾರೆ. ಆದ್ರೆ ಹುಟ್ಟಿದ್ದು ಬೆಳೆದಿದ್ದು ಇಲ್ಲೇ, ಪಾಪ."

"ರೋಗ ಗೀಗ?"

"ಒಂದಷ್ಟು ಜನಕ್ಕೆ ತಿಗಣೆ ಇದೆ. ಅವರನ್ನ ನೆಲಮಾಳಿಗೇಲಿ ಬೇರೆ ಇಟ್ಟಿದೀನಿ. ದಿನಾ ಸಾಬೂನು ನೀರಲ್ಲಿ ಒರೆಸ್ತೀನಿ."

"ನೀನು? ನಿನ್ನ ಕೈಯಾರೆ?"

"ಮತ್ತಿನ್ಯಾರು? ನೀನು ಬರ್ತೀಯಾ ಒರೆಸೋಕೆ?"

"ನಮ್ಮ ತೆರಿಗೇಲಿ ಹೊಟ್ಟೆಗೆ ಏನೇನು ಹಾಕ್ತೀರಿ ಅವಕ್ಕೆ? ಅದನ್ನ ಹೇಳು."

"ಚಳಿಗಾಲದಲ್ಲಿ ಏನೂ ಹಾಕಲ್ಲ. ವಾರಕ್ಕೊಂದು ಸಲ ನೀರು ಅಷ್ಟೇ."

ಹಿಂದಿನಿಂದ ಒಬ್ಬ ಹೆಂಗಸು, "ಏ, ಅದು ಸ್ವಲ್ಪ ಅತಿಯಾಯ್ತಪ್ಪ" ಎಂದಳು.

ಜನ ಮನುಷ್ಯರನ್ನು 'ಅವು' ಎಂದರು, ಅಲೈಡಾ ಗಿಡಗಳನ್ನು 'ಅವರು' ಎಂದಳು. ಎರಡೂ ಕಡೆಯವರಿಗೆ ಅಷ್ಟು ಹೊತ್ತು ತಪ್ಪು ಗೊತ್ತಾಗದೆ ಹೋದದ್ದು ಅದಕ್ಕೇ.

ಗುಂಪಿನ ನಡುವಿನಿಂದ ಹಾರ್ಮ್ ನುಗ್ಗಿಕೊಂಡು ಬಂದ. ಅವನ ಕೈಯಲ್ಲೂ ಫಲಕವಿತ್ತು. "ಅಯ್ಯೋ ಮುಟ್ಠಾಳರಾ! ಅವಳು ಹೇಳ್ತಿರೋದು ಗಿಡದ ವಿಷ್ಯ ಕಣ್ರೋ! ನನ್ನ ಹೆಂಡ್ತಿ ಕ್ಲೀವಿಯಾ ಒಳಗೇ ಇದೆ!"

ಆಮೇಲೆ ಎದ್ದ ನಗು ಚರ್ಚಿನ ತನಕ ಕೇಳಿಸಿತಂತೆ. ಜನ ಸಾಲಾಗಿ ಒಳಗೆ ಬಂದು ನೋಡಿದರು. ತಮ್ಮ ಅಜ್ಜಿಯ ಗಿಡ, ತಮ್ಮ ಹಳೆಯ ಶಾಲೆಯ ಫೈಕಸ್ ಗುರುತು ಹಿಡಿದರು. "ಗಿಡಗಳಾ! ಗಿಡ ಆದ್ರೆ ಯಾರ್ ಬೇಡ ಅಂತಾರೆ!" ಎಂದು ಮೀನಂಗಡಿಯವನು ಅಲೈಡಾಳ ಬೆನ್ನು ತಟ್ಟಿ, ಹೋಗಿ ಒಂದು ಪೊಟ್ಟಣ ಬಿಸಿ ಕರಿದ ಮೀನು ತಂದುಕೊಟ್ಟ. ಕೈ ಖಾಲಿ ಮಾಡಿಕೊಳ್ಳಲು ಫಲಕಗಳನ್ನು ಕ್ಲೀವಿಯಾಗಳ ಪಕ್ಕ ಗೋಡೆಗೆ ಒರಗಿಸಿದ್ದರು. ಅಲೈಡಾ ಆಗ ಅವನ್ನು ಓದಿದಳು. ಊರು ತುಂಬಿದೆ, ಎಂದು ಒಂದರಲ್ಲಿತ್ತು. ಹಾರ್ಮ್‌ನದರಲ್ಲಿ, ಬಂದಲ್ಲಿಗೇ ವಾಪಸ್ ಹೋಗಿ, ಎಂದಿತ್ತು. ಅಕ್ಷರ ಚೆನ್ನಾಗಿತ್ತು, ಬಸ್ಸಿನ ಬೋರ್ಡು ಬರೆದವರ ಹಾಗೆ.

ಮುಂದಿನ ಶುಕ್ರವಾರ ಹಾರ್ಮ್ ಎಂದಿನಂತೆ ಬಂದು ಟೋಪಿ ತೆಗೆದು ಕೂತ. ಅಲೈಡಾ ಪಕ್ಕದಲ್ಲಿ ಎಲೆ ಒರೆಸುತ್ತಿದ್ದಳು.

"ನಿನ್ನ ಬೋರ್ಡು ಓದಿದೆ" ಎಂದಳು.

"ಅದು ಬೇರೆ ವಿಷ್ಯ ಅಲೈಡಾ."

"ಏನು ಬೇರೆ?"

"ಗಿಡಕ್ಕೆ ಬಾಯಿಲ್ಲ. ಮನೆ ಕೇಳಲ್ಲ, ಮಸೀದಿ ಕೇಳಲ್ಲ."

"ನೀರು ಕೇಳ್ತಾರೆ."

"ಅಷ್ಟು ಕೊಡಬಹುದು" ಎಂದ ಹಾರ್ಮ್. ಕೆಟ್ಟವನಲ್ಲ ಅವನು. ಕೆಟ್ಟವರಿಂದಲೇ ಕೆಟ್ಟದ್ದು ನಡೆಯುವುದಾಗಿದ್ದರೆ ಎಲ್ಲವೂ ಸುಲಭವಿತ್ತು.

ಸಂತೆಯ ದಿನದ ಸಂಗತಿ ಕೇಳಿ ಯೂರಿಯಾನ್ ಮೊದಲೆರಡು ದಿನ ನಕ್ಕಿದ್ದ. ಮೂರನೆಯ ದಿನ ಮೇಯರಮ್ಮನ ಕೋಣೆಯಿಂದ ಬಂದವನ ಕೈಯಲ್ಲಿ ಕೇಕ್ ಇತ್ತು. ಇಲ್ಲಿ ಹುಟ್ಟುಹಬ್ಬಕ್ಕೆ ಕೇಕ್ ತರುತ್ತಾರೆ, ಇಲ್ಲವೇ ಯಾರನ್ನಾದರೂ ಕಳಿಸುವಾಗ.

"ಯಾರದ್ದು ಹುಟ್ಟಿದ ದಿನ?" ಎಂದಳು ಅಲೈಡಾ.

"ಆ ಮರವನ್ನ ಬಲಗಡೆ ಸರಿಸೋಕೆ ಆಗುತ್ತಾ?"

"ಆಗಲ್ಲ. ಚಳಿಗಾಲದಲ್ಲಿ ಫೈಕಸ್‌ನ ಒಂದು ಮಾರು ಸರಿಸಿದ್ರೂ ಮುನಿಸ್ಕೊಂಡು ಎಲೆ ಪೂರಾ ಉದುರಿಸ್ತಾನೆ."

"ಹಾಗಾದ್ರೆ ಪದ ಬದಲಾಯಿಸ್ತೀವಿ. ಊರು ಈಗ ಸೂಕ್ಷ್ಮ ಸ್ಥಿತೀಲಿದೆ. 'ಹಸಿರು ಬೈಠಕ್‌ಖಾನೆ', ಹೇಗಿದೆ? ಬೈಠಕ್‌ಖಾನೆ ಅಂದ ಮೇಲೆ ಸ್ವಲ್ಪ ನೀಟಾಗಿರಬೇಕು. ಚೆನ್ನಾಗಿರೋವು ಉಳೀಲಿ. ಮುಂದಿರೋ ಆ ಕಾಯಿಲೆಯವನ್ನ..."

"ಹಿಂಬಾಗಿಲಿಂದ."

"ಹಾಗಂತ ನಾನು ಹೇಳಲಿಲ್ಲ."

"ನಾನು ಮೂವತ್ತು ವರ್ಷ ಹಾಗೆ ಹೇಳದೇ ಇದ್ದವರ ಹತ್ರಾನೇ ಕೆಲಸ ಮಾಡಿದ್ದು ಯೂರಿಯಾನ್. ಆ ಪದ ನೋಡಿ ಜನ ನಂಬಿ ಕೊಟ್ಟಿದ್ದಾರೆ. ಪದ ಇರಬೇಕು. ಇಲ್ಲಾಂದ್ರೆ ಇದು ನಿಲ್ಲಬೇಕು."

ಯೂರಿಯಾನ್ ಕೇಕಿನ ಡಬ್ಬದ ಮುಚ್ಚಳ ಹಾಕಿದ. "ನೀವು ಸ್ವಲ್ಪ ಯೋಚನೆ ಮಾಡಿ, ಮೋಲ್ಮನ್ ಮೇಡಂ" ಎಂದ. ಅದುವರೆಗೆ ಅವನ ಬಾಯಲ್ಲಿ ಅವಳು ನೀನಾಗಿದ್ದಳು.

ಕೌನ್ಸಿಲಿನ ಸಭೆ ಸೇರಿತು. ಮೊದಲ ವಿಷಯ ಕಾಲುವೆ ಪಕ್ಕದ ಕಟ್ಟಡ. ಬಹಳ ಜನ ಬಹಳ ಸಭ್ಯವಾಗಿ ಮಾತಾಡಿದರು. ಯಾರೂ ದ್ವೇಷದ ಒಂದು ಮಾತೂ ಆಡಲಿಲ್ಲ. ಶೌಚಾಲಯ ಸಾಲದು ಎಂದರು, ಬಸ್ಸಿನ ಸೌಕರ್ಯ ಸಾಲದು ಎಂದರು, ಬರುವವರ ಹಿತಕ್ಕೇ ಹೇಳುತ್ತಿದ್ದೇವೆ ಎಂದರು. ಕೈ ಎತ್ತಿದರು. ಬೇಡ ಎನ್ನುವ ಕೈಗಳು ಹೆಚ್ಚಾದವು. ಎರಡನೆಯ ವಿಷಯ ಹಜಾರದ ಗಿಡಗಳು. ಎಲ್ಸ್‌ಬ್ರೂಕ್‌ನ ಹೃದಯ ಎಷ್ಟು ವಿಶಾಲ ಎಂಬುದನ್ನು ಈ ಯೋಜನೆ ತೋರಿಸುತ್ತದೆ, ಆದ್ದರಿಂದ ಇನ್ನೂ ಐದು ವರ್ಷ ಮುಂದುವರಿಸಬೇಕು, ಹೆಸರು ಮಾತ್ರ ಹಸಿರು ಬೈಠಕ್‌ಖಾನೆ ಎಂದಾಗಬೇಕು. ಒಂದು ಕೈಯೂ ಕೆಳಗಿರಲಿಲ್ಲ. ಈ ಎರಡು ಮತಗಳ ನಡುವೆ ಹತ್ತು ನಿಮಿಷವೂ ಆಗಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ ಕೂತವರಲ್ಲಿ ಯಾರೂ ನಗಲಿಲ್ಲ, ಊರಿನ ಪತ್ರಿಕೆಗೆ ವರದಿ ಬರೆಯಲು ಹೋಗಿದ್ದ ನಾನೂ ನಗಲಿಲ್ಲ. ನಗುವಂಥದ್ದು ಏನೋ ನಡೆದಿದೆ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಮೇಯರಮ್ಮ ಅಲೈಡಾಳನ್ನು ಮುಂದೆ ಕರೆದು ಕತ್ತರಿಸಿದ ಹೂಗಳ ಒಂದು ದೊಡ್ಡ ಗುಚ್ಛ ಕೊಟ್ಟು, ಎರಡು ಮಾತು ಆಡಿ ಎಂದಳು.

"ಆ ಪದ ತೆಗೆದ್ರೆ ನಾನು ಗಿಡ ಕೊಟ್ಟವರಿಗೆಲ್ಲ ಫೋನ್ ಮಾಡಬೇಕಾಗುತ್ತೆ" ಎಂದಳು ಅಲೈಡಾ.

"ಯಾಕಮ್ಮ?"

"ವಾಪಸ್ ಕರ್ಕೊಂಡು ಹೋಗಿ ಅನ್ನೋಕೆ. ಆಸೀಲ್ ಇದೆ ಅಂತ ನಾನು ಒಳಗೆ ಕರ್ಕೊಂಡಿದ್ದು. ಆಸೀಲ್ ಇಲ್ಲ ಅಂತ ನೀವೀಗ ಎರಡು ಸಲ ಹೇಳಿದ್ರಿ."

ಸಭೆ ನಕ್ಕು ಚಪ್ಪಾಳೆ ತಟ್ಟಿತು. ತಮಾಷೆ ಎಂದುಕೊಂಡಿತು.

ಸೋಮವಾರ ಅಕ್ಷರಗಳನ್ನು ಕೆರೆದು ತೆಗೆದರು. ಅವತ್ತೇ ಅವಳು ನೆಲಮಾಳಿಗೆಯಲ್ಲಿ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತು ಫೋನ್ ಮಾಡಲು ಶುರು ಮಾಡಿದಳು. ಆ ವಾರ ಎಲ್ಸ್‌ಬ್ರೂಕ್‌ನ ಜನ ಆಡಿದ ಮಾತುಗಳಿವು:

"ಈಗ ನಮ್ಮನೇಲಿ ಜಾಗ ಎಲ್ಲಿದೆ? ನಾವೇ ಇಕ್ಕಟ್ಟಲ್ಲಿದೀವಿ."

"ಪಾಪ ಅನ್ಸುತ್ತೆ ನಿಜ. ಆದ್ರೆ ಒಂದನ್ನ ಒಳಗೆ ತಗೊಂಡ್ರೆ ಎಲ್ಲರೂ ನಮ್ಮ ಬಾಗಿಲಿಗೇ ತಂದಿಡ್ತಾರೆ."

"ಪಕ್ಕದೂರಲ್ಲಿ ದೊಡ್ಡ ನಗರಸಭೆ ಇದೆಯಲ್ಲ, ಅಲ್ಲಿ ಕೇಳಿ ನೋಡಿದ್ರಾ?"

"ಅದಕ್ಕೆ ತಿಗಣೆ ಇರ್ಲಿಲ್ವಾ? ಬೇಡಪ್ಪ, ಮನೇಲಿ ಬೇರೆ ಗಿಡ ಇದೆ."

ಹೀಗೆ ಹೇಳಿದವರಲ್ಲಿ ಒಬ್ಬರಿಗೂ ತಾವು ಈ ಮಾತನ್ನು ಮೊದಲೆಲ್ಲೋ ಆಡಿದ ನೆನಪು ಬರಲಿಲ್ಲ. ಅವರಿಗೆ ಸಿಟ್ಟು ಬಂದದ್ದು ಅಲೈಡಾಳ ಮೇಲೆ. ಕೌನ್ಸಿಲ್ ಮತ ಹಾಕಿದ ವಾರಕ್ಕಿಂತ ಹೆಚ್ಚು ಪತ್ರಗಳು ನಮ್ಮ ಊರಿನ ಪತ್ರಿಕೆಗೆ ಆ ವಾರ ಬಂದವು. ಬಾಯಿಲ್ಲದ ಜೀವಗಳನ್ನು ಚಳಿಗಾಲದಲ್ಲಿ ಬೀದಿಗೆ ಹಾಕುವ ಹೆಂಗಸು ಎಂಥ ಕಲ್ಲು ಹೃದಯದವಳು, ಎಂದು ಒಬ್ಬರು ಬರೆದಿದ್ದರು. ಅದನ್ನು ಅಚ್ಚು ಹಾಕಿದೆವು.

ಹಾರ್ಮ್ ಫೋನಿನಲ್ಲಿ ಏನೂ ಹೇಳದೆ ನೇರವಾಗಿ ಬಂದ. ಟೋಪಿ ತೆಗೆಯಲಿಲ್ಲ.

"ಮಾತು ಕೊಟ್ಟಿದ್ದೆ ನೀನು! ಕಡ್ಡಿ ಆದ್ರೂ ಎಸೆಯಲ್ಲ ಅಂದಿದ್ದೆ!"

"ಎಸೀತಿಲ್ಲವಲ್ಲ. ಬಂದಲ್ಲಿಗೇ ವಾಪಸ್ ಕಳಿಸ್ತಿದೀನಿ."

ಹಾರ್ಮ್‌ನ ಮುಖ ಕೆಂಪಾಯಿತು. "ನಾವು ಬೇಡ ಅಂದಿದ್ದು ಇದನ್ನಲ್ಲ."

"ಹೊರಗಿಂದ ಓದಿದ್ರೆ ಒಂದೇ ಪದ ಹಾರ್ಮ್."

"ನನ್ನ ಹತ್ರ ಅದು ಸತ್ತುಹೋಗುತ್ತೆ. ನಿನಗೆ ಗೊತ್ತು."

"ಗೊತ್ತು" ಎಂದಳು ಅಲೈಡಾ. ಕ್ಲೀವಿಯಾದ ಎಲೆಗಳನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಚಳಿ ತಾಗದ ಹಾಗೆ ಮೇಲೆ ಇನ್ನೊಂದು ಹಾಳೆ ಸುತ್ತಿ ಅವನ ಕೈಗೆ ಕೊಟ್ಟಳು. "ಮಣ್ಣಿಗೆ ಬೆರಳು ಹಾಕಿ ನೋಡು. ಒಣಗಿದ್ರೆ ಮಾತ್ರ ನೀರು. ಬಿಸಿ ಒಲೆ ಹತ್ರ ಇಡಬೇಡ."

ಹಾರ್ಮ್ ಹೋಗಲಿಲ್ಲ. ಗಿಡ ತಬ್ಬಿಕೊಂಡು ನಿಂತೇ ಇದ್ದ. ಆಮೇಲೆ, "ಬೆರಳು ಎಷ್ಟು ಒಳಗೆ?" ಎಂದು ಕೇಳಿದ.

"ಎರಡನೇ ಗೆಣ್ಣಿನ ತನಕ."

ಅವನು ಮನೆಗೆ ಹೋದ. ಗಿಡ ಬದುಕಿತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿಲ್ಲ. ಅವನ ಅಭಿಪ್ರಾಯ ಬದಲಾಯಿತೇ ಎಂದೂ ಕೇಳಿಲ್ಲ. ಬದಲಾದ ಗುರುತೇನೂ ಕಾಣಲಿಲ್ಲ.

ಎಲ್ಲರೂ ಬರಲಿಲ್ಲ. ಅರ್ಧಕ್ಕರ್ಧ ಜನ ಬರಲಿಲ್ಲ. ಕೆಲವರಿಗೆ ಬರಲು ಆಗುವಂತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಒಬ್ಬ ಮುದುಕಿ, "ವಾಪಸ್ ಎಲ್ಲಿಗೆ ಕಳಿಸ್ತೀಯ ತಾಯಿ, ಆ ಮನೇನೇ ಇಲ್ಲವಲ್ಲ" ಎಂದಳಂತೆ. ನಗರಸಭೆ ಈಗ ಬಾಡಿಗೆ ಕಂಪನಿಯಿಂದ ಗಿಡ ತರಿಸುತ್ತದೆ. ಒಂದೇ ಎತ್ತರ, ಒಂದೇ ಹಸಿರು. ಕೆಲಸ ಕಳೆದುಕೊಂಡವರು ಮತ್ತೆ ಮೊಬೈಲ್ ನೋಡುತ್ತ ಕೂರುತ್ತಾರೆ. ಕಾಲುವೆ ಪಕ್ಕದ ಕಟ್ಟಡ ಖಾಲಿಯೇ ಇದೆ. ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯಬಾರದೆಂದು ಚಳಿಗಾಲ ಪೂರ್ತಿ ಅದನ್ನು ಬೆಚ್ಚಗೆ ಇಡುತ್ತಾರೆ.

ಅಲೈಡಾಳಿಗೆ ಆಮೇಲೆ ಯಾವ ದೊಡ್ಡ ಕಟ್ಟಡದ ಕೆಲಸವೂ ಸಿಗಲಿಲ್ಲ. ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ, ಅದರ ಹಿಂದೆ ಯಾರದೋ ಅಜ್ಜಿಯ ತೂತಿನೆಲೆಯ ಗಿಡವಿದೆ. ಸ್ನಾನದ ತೊಟ್ಟಿಯಲ್ಲಿ ಜರಿಗಿಡಗಳು, ಮಂಚದ ಒಂದು ಮಗ್ಗುಲಲ್ಲಿ ಕಳ್ಳಿಗಳು, ಅಡುಗೆಮನೆಯ ಮೇಜಿನ ಮೇಲೆ ಸಾಬೂನು ನೀರು ಮತ್ತು ಇನ್ನೂ ಗುಣವಾಗದವರು. ಹೊರಗೆ ಯಾವ ಬೋರ್ಡೂ ಇಲ್ಲ. ಕಾಫಿ ಕೊಟ್ಟಳು, ಜೊತೆಗೊಂದು ಬಿಸ್ಕತ್ತು. ಕೂರಲು ಜಾಗ ಹುಡುಕಿದೆ. ಎರಡು ಕುರ್ಚಿಗಳಲ್ಲೂ ಯಾರೋ ಕೂತಿದ್ದರು.

"ಅವಳನ್ನ ಎಬ್ಬಿಸಬೇಡ, ಈಗ ತಾನೇ ಬೇರು ಬಿಡ್ತಿದಾಳೆ" ಎಂದಳು ಅಲೈಡಾ. "ನಿಂತ್ಕೊಂಡೇ ಕುಡಿ."